200 ಡಾಲರ್ ಮತ್ತು ಹಳೇ ಹಲಗೆಗಳು: ಬರ್ಮಾ-ಶೇವ್ ಜಾಹೀರಾತಿನ ಪ್ರಕರಣ ಅಧ್ಯಯನ

ಸರಕು ಚೆನ್ನಾಗಿದೆ. ಬಳಸಿದವರು ಒಳ್ಳೆಯ ಮಾತೇ ಆಡುತ್ತಾರೆ. ಆದರೆ ಬಳಸಿದವರೇ ಕಡಿಮೆ. ಹೆಸರು ಯಾರ ಕಿವಿಗೂ ಬಿದ್ದಿಲ್ಲ, ಬೀಳಿಸೋಣ ಅಂದರೆ ಕೈಯಲ್ಲಿ ದುಡ್ಡಿಲ್ಲ. ಸಣ್ಣ ವ್ಯಾಪಾರ ಮಾಡುವವರಿಗೆಲ್ಲ ಈ ಕಷ್ಟ ಗೊತ್ತು. 1925ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಒಡೆಲ್ ಅನ್ನುವ ಕುಟುಂಬ ಇದೇ ಕಷ್ಟದಲ್ಲಿ ಸಿಕ್ಕಿಕೊಂಡಿತ್ತು. ಅವರು ಮಾರುತ್ತಿದ್ದದ್ದು ಬರ್ಮಾ-ಶೇವ್ ಅನ್ನುವ ಶೇವಿಂಗ್ ಕ್ರೀಮ್. 200 ಡಾಲರ್ ಖರ್ಚು ಮಾಡಿ, ರಸ್ತೆಬದಿಯಲ್ಲಿ ಜಾಹೀರಾತಿನ ಹಲಗೆಗಳನ್ನು ನೆಟ್ಟು ಅವರು ಅದರಿಂದ ಹೊರಬಂದ ಬಗೆಯನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿ ನೋಡೋಣ ಅಂತ ಕೂತಿದ್ದೇನೆ.

ಕಡಿಮೆ ಖರ್ಚಿನ ಜಾಹೀರಾತಿನ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಇದನ್ನು ಹಂಚಿ, ಅದನ್ನು ಅಂಟಿಸಿ, ಅಲ್ಲಿ ಹಾಕಿ ಅಂತ ಉದ್ದದ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಒಂದೇ ಉಪಾಯವನ್ನು ಶುರುವಿನಿಂದ ಮುಗಿಯುವವರೆಗೆ ಹಿಂಬಾಲಿಸಿ ನೋಡುವುದು ಕಡಿಮೆ. ಎಲ್ಲಿ ಎಡವಿದರು, ಯಾವುದಕ್ಕೆ ದುಡ್ಡು ಉಳಿಯಿತು, ಉಳಿದ ದುಡ್ಡಿಗೆ ಬದಲಾಗಿ ಏನನ್ನು ಕೊಡಬೇಕಾಯಿತು ಅನ್ನುವುದು ಹಾಗೆ ನೋಡಿದಾಗಲೇ ಕಾಣುತ್ತದೆ. ಈ ಪ್ರಕರಣದ ಮೊದಲಿನಿಂದ ಕೊನೆಯವರೆಗಿನ ಕಥೆ ನಮಗೆ ಸಿಗುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಮನೆಯವರ ಸ್ಥಿತಿ

ಒಡೆಲ್ ಕುಟುಂಬದ ಮೊದಲ ಸರಕು ಶೇವಿಂಗ್ ಕ್ರೀಮ್ ಅಲ್ಲ. ಮೈಕೈ ನೋವಿಗೆ ಹಚ್ಚಿ ತಿಕ್ಕುವ ಔಷಧಿ. ಅದರ ಹೆಸರು ಬರ್ಮಾ-ವೀಟಾ. ಅದಕ್ಕೆ ಬೇಕಾದ ಎಣ್ಣೆಗಳು ಬರ್ಮಾ ಮತ್ತು ಮಲಯ ಕಡೆಯಿಂದ ಬರುತ್ತಿದ್ದವು. ವೀಟಾ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಜೀವ. ಕಂಪನಿ ನಡೆಸುತ್ತಿದ್ದವರು ಕ್ಲಿಂಟನ್ ಒಡೆಲ್. ಅವರ ಮಕ್ಕಳು ಅಲನ್ ಮತ್ತು ಲಿಯೊನಾರ್ಡ್.

ಔಷಧಿಯಲ್ಲಿ ದೋಷವಿರಲಿಲ್ಲ. ತೊಂದರೆ ಇದ್ದದ್ದು ಲೆಕ್ಕದಲ್ಲಿ. ನೋವು ಬಂದವರಿಗೆ ಮಾತ್ರ ಅದು ಬೇಕು. ನೋವು ಹೋದ ಮೇಲೆ ಬಾಟಲಿ ಕಪಾಟಿನಲ್ಲಿ ಕೂರುತ್ತದೆ. ಒಬ್ಬ ಗಿರಾಕಿ ಮತ್ತೆ ಬರಬೇಕಾದರೆ ಅವನಿಗೆ ಮತ್ತೆ ನೋವು ಬರಬೇಕು! ಆಗ ಔಷಧಿಯ ಸಗಟು ವ್ಯಾಪಾರಿಗಳು ಒಂದು ಬುದ್ಧಿಮಾತು ಹೇಳಿದರು. ಜನ ದಿನಾ ಬಳಸುವಂಥದ್ದು ಏನಾದರೂ ಮಾಡಿ, ಅಂತ. ಇಂಗ್ಲೆಂಡಿನಲ್ಲಿ ಬ್ರಷ್ ಬೇಡದ ಶೇವಿಂಗ್ ಕ್ರೀಮ್ ಒಂದು ಆಗಲೇ ಇತ್ತು. ಸೋಪು ನೊರೆ ಬರಿಸುವುದು, ಒದ್ದೆ ಬ್ರಷ್ ಒಣಗಿಸುವುದು, ಆ ರಗಳೆಯೇ ಇಲ್ಲ. ಬೆರಳಿನಿಂದ ಹಚ್ಚಿಕೊಂಡು ಕ್ಷೌರ ಮಾಡಿಕೊಂಡರೆ ಮುಗಿಯಿತು. ಕೆಮಿಸ್ಟ್ ಒಬ್ಬರನ್ನು ಕೂರಿಸಿಕೊಂಡು ನೂರಾರು ಬಗೆಯ ಮಿಶ್ರಣ ಮಾಡಿ ನೋಡಿ, ಒಡೆಲ್ ಕುಟುಂಬವೂ ಅಂಥದ್ದೊಂದನ್ನು ತಯಾರಿಸಿತು. ಅದೇ ಬರ್ಮಾ-ಶೇವ್.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಲಗೆಗಳ ಕಥೆ ಹೇಳುವವರು ಈ ಹಂತವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಇದು ಹಲಗೆಗಳಷ್ಟೇ ಮುಖ್ಯ ಅನಿಸುತ್ತದೆ. ಒಂದು ಸಲ ಮಾತ್ರ ಕೊಳ್ಳುವ ಸರಕಿಗೆ ಅಗ್ಗದ ಜಾಹೀರಾತು ಕೂಡ ದುಬಾರಿ. ಪ್ರತಿ ಮಾರಾಟಕ್ಕೂ ಹೊಸ ಗಿರಾಕಿಯನ್ನು ಹುಡುಕಬೇಕಲ್ವಾ? ದಿನಾ ಬಳಸುವ ಸರಕಾದರೆ ಒಮ್ಮೆ ಹಿಡಿದ ಗಿರಾಕಿ ವರ್ಷಗಟ್ಟಲೆ ಬರುತ್ತಾನೆ. ಜಾಹೀರಾತಿಗೆ ಹಾಕಿದ ಅದೇ ದುಡ್ಡು ಹತ್ತಾರು ಡಬ್ಬಿಗಳ ಮೇಲೆ ಹಂಚಿಹೋಗುತ್ತದೆ. ಜಾಹೀರಾತಿಗೆ ಕೈ ಹಾಕುವ ಮೊದಲೇ ಒಡೆಲ್ ಕುಟುಂಬ ಈ ಒಂದು ಗಂಟನ್ನು ಬಿಚ್ಚಿಕೊಂಡಿತ್ತು.

ಕೈಕೊಟ್ಟ ಮೊದಲ ಉಪಾಯ

ಕ್ರೀಮ್ ತಯಾರಾಯಿತು. ಮಾರುವುದು ಹೇಗೆ? ಮೊದಲು ಅವರು ಹಿಡಿದದ್ದು ನಡೆದು ಮಾರುವ ದಾರಿ. ಕಚೇರಿಗಳಿಗೆ ಹೋಗುವುದು, ಗಂಡಸರ ಕೈಗೆ ಡಬ್ಬಿ ಕೊಡುವುದು. ಬಳಸಿ ನೋಡಿ, ಇಷ್ಟವಾದರೆ ಮುಂದಿನ ಸಲ ಬಂದಾಗ ದುಡ್ಡು ಕೊಡಿ, ಇಲ್ಲದಿದ್ದರೆ ಡಬ್ಬಿ ವಾಪಸ್ ಕೊಡಿ. ಕೇಳುವುದಕ್ಕೆ ಇದು ತುಂಬಾ ಅಗ್ಗದ ಉಪಾಯ. ಪತ್ರಿಕೆಗೆ ಕೊಡಬೇಕಾದದ್ದು ಏನೂ ಇಲ್ಲ. ಸರಕೇ ತನ್ನ ಪರವಾಗಿ ಮಾತಾಡುತ್ತದೆ.

ಆದರೂ ಅದು ನಡೆಯಲಿಲ್ಲ. ಯಾಕೆ ಅಂತ ಕೂಡಿ ಕಳೆದು ನೋಡಿದರೆ ಗೊತ್ತಾಗುತ್ತದೆ. ಒಂದು ಡಬ್ಬಿಗೆ ಎರಡು ಭೇಟಿ ಬೇಕು, ಒಂದು ಕೊಡುವುದಕ್ಕೆ, ಇನ್ನೊಂದು ವಸೂಲಿಗೆ. ಎರಡನೇ ಸಲ ಹೋದಾಗ ಆ ಮನುಷ್ಯ ಕಚೇರಿಯಲ್ಲಿ ಇರಬೇಕು. ಡಬ್ಬಿ ಮುಗಿದ ಮೇಲೆ ಅವನಾಗಿ ಔಷಧಿ ಅಂಗಡಿಗೆ ಹೋಗಿ ಕೇಳಬೇಕು. ಅಂಗಡಿಯವನು ಅದನ್ನು ತರಿಸಿ ಇಟ್ಟಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಅಷ್ಟೂ ಓಡಾಟ ವ್ಯರ್ಥ. ಮಾರುವವನ ಕಾಲು ನಿಂತ ದಿನ ವ್ಯಾಪಾರವೂ ನಿಲ್ಲುತ್ತದೆ.

ಸಣ್ಣ ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋಗುವ ಖರ್ಚು ಇದೇ. ಅವರ ಸ್ವಂತ ಹೊತ್ತು. ಜೇಬಿನಿಂದ ದುಡ್ಡು ಹೋಗಲಿಲ್ಲ ಅಂದಾಕ್ಷಣ ಪುಕ್ಕಟೆ ಅಂತ ಬರೆದುಕೊಳ್ಳುತ್ತಾರೆ. ಒಡೆಲ್ ಕುಟುಂಬ ಆ ತಿರುಗಾಟದಲ್ಲಿ ತಿಂಗಳುಗಳನ್ನೇ ಕಳೆಯಿತು.

ಅಲನ್ ಕಂಡದ್ದು

ಹೀಗೆ ಊರೂರು ತಿರುಗುವಾಗಲೇ ಅಲನ್ ಕಣ್ಣಿಗೆ ಇಲಿನಾಯ್ ರಾಜ್ಯದ ರಸ್ತೆಯೊಂದರ ಬದಿಯಲ್ಲಿ ಸಣ್ಣ ಹಲಗೆಗಳ ಸಾಲು ಬಿತ್ತು. ಪೆಟ್ರೋಲ್ ಬಂಕ್ ಒಂದರದ್ದು. ಒಂದು ಹಲಗೆಯಲ್ಲಿ ಪೆಟ್ರೋಲ್ ಇದೆ ಅಂತ. ಸ್ವಲ್ಪ ಮುಂದೆ ಇನ್ನೊಂದರಲ್ಲಿ ಆಯಿಲ್ ಅಂತ. ಆಮೇಲೆ ಮತ್ತೊಂದು ಸೌಕರ್ಯದ ಹೆಸರು. ಕೊನೆಗೆ ಬಂಕಿನ ಕಡೆಗೆ ಬಾಣದ ಗುರುತು. ಅಲನ್ ಗಮನಿಸಿದ್ದು ಹಲಗೆಗಳನ್ನಷ್ಟೇ ಅಲ್ಲ, ತನ್ನನ್ನೂ. ಇಂಥ ಸಾಲು ಕಂಡಾಗಲೆಲ್ಲ ತಾನು ಒಂದನ್ನೂ ಬಿಡದೆ ಓದುತ್ತೇನೆ ಅನ್ನುವುದು ಅವರಿಗೆ ಹೊಳೆಯಿತು. ಬಂಕಿಗೆ ಆಗುವುದಾದರೆ ಡಬ್ಬಿಗೆ ಯಾಕಾಗಬಾರದು?

ತಂದೆಗೆ ಇದು ಹಿಡಿಸಲಿಲ್ಲ. ಷಿಕಾಗೊದ ದೊಡ್ಡ ದೊಡ್ಡ ಜಾಹೀರಾತಿನವರನ್ನು ವಿಚಾರಿಸಿದರು. ಇದು ನಡೆಯುವುದಿಲ್ಲ ಅಂತ ಅವರೂ ಹೇಳಿದರು. ಮಗ ಬಿಡಲಿಲ್ಲ. ಕೊನೆಗೆ ಕ್ಲಿಂಟನ್ 200 ಡಾಲರ್ ಕೊಟ್ಟು, ಮಾಡಿ ನೋಡು ಅಂದರು.

ಆ 200 ಡಾಲರ್‌ಗೆ ಹೊಸ ಮರ ಎಲ್ಲಿಂದ ಬರಬೇಕು? ಕೆಡವಿದ ಕಟ್ಟಡದ ಹಳೇ ಹಲಗೆಗಳನ್ನು ಕೊಂಡರು. ಒಂದೇ ಅಳತೆಗೆ ಕೊಯ್ದು, ಬಣ್ಣ ಬಳಿದು, ಅಕ್ಷರ ಬರೆದರು. 1925ರ ಶರತ್ಕಾಲ. ಮಿನೆಸೋಟದಲ್ಲಿ ಚಳಿಗಾಲ ಬಂತೆಂದರೆ ನೆಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಗುಂಡಿ ತೋಡಲು ಆಗುವುದೇ ಇಲ್ಲ. ಅದಕ್ಕೆ ಮುಂಚೆ ಕೆಲಸ ಮುಗಿಯಬೇಕಿತ್ತು. ಅವಸರವಸರವಾಗಿ ಮಿನಿಯಾಪೊಲಿಸ್‌ನಿಂದ ಹೊರಡುವ ಎರಡು ರಸ್ತೆಗಳ ಬದಿಯಲ್ಲಿ ಹಲಗೆ ನೆಟ್ಟರು. ಒಂದು ಆಲ್ಬರ್ಟ್ ಲೀ ಕಡೆಗೆ ಹೋಗುವ ರಸ್ತೆ, ಇನ್ನೊಂದು ರೆಡ್ ವಿಂಗ್ ಕಡೆಗೆ. ಎಲ್ಲ ಸೇರಿ ಹತ್ತು ಹನ್ನೆರಡು ಸಾಲು ಇರಬಹುದು.

ಆ ಮೊದಲ ಹಲಗೆಗಳಲ್ಲಿ ಪ್ರಾಸವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಹೊಸ ಕಾಲದ ರೀತಿಯಲ್ಲಿ ಕ್ಷೌರ ಮಾಡಿಕೊಳ್ಳಿ, ಚರ್ಮಕ್ಕೆ ಒಳ್ಳೆಯದು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬರ್ಮಾ-ಶೇವ್. ಇಷ್ಟೇ. ಆದರೆ ಬೇಕಾದದ್ದೆಲ್ಲ ಇದೆ ನೋಡಿ. ಏನು, ಯಾಕೆ, ಎಲ್ಲಿ ಸಿಗುತ್ತದೆ, ಹೆಸರೇನು. ಎಷ್ಟೋ ಜಾಹೀರಾತುಗಳಲ್ಲಿ ಎಲ್ಲಿ ಸಿಗುತ್ತದೆ ಅನ್ನುವುದೇ ಬಿಟ್ಟುಹೋಗಿರುತ್ತದೆ.

ಚಳಿಗಾಲದಲ್ಲೇ ಆ ಎರಡು ರಸ್ತೆಗಳ ಆಸುಪಾಸಿನ ಔಷಧಿ ಅಂಗಡಿಗಳಿಂದ ಬೇಡಿಕೆ ಬರಲು ಶುರುವಾಯಿತು. ಅದೂ ಮೊದಲ ಸಲದ ಬೇಡಿಕೆ ಅಲ್ಲ. ಇದ್ದದ್ದು ಖಾಲಿಯಾಗಿದೆ, ಇನ್ನೂ ಕಳಿಸಿ ಅನ್ನುವ ಬೇಡಿಕೆ. ಕಂಪನಿಗೆ ಹಾಗೆ ಎರಡನೇ ಸಲ ಬೇಡಿಕೆ ಬಂದದ್ದು ಅದೇ ಮೊದಲು.

ಎರಡೇ ರಸ್ತೆ ಯಾಕೆ ಅಷ್ಟು ಒಳ್ಳೆಯದಾಯಿತು

ನನ್ನ ಪ್ರಕಾರ ಈ ಪ್ರಕರಣದ ಜೀವಾಳ ಇರುವುದು ಇಲ್ಲಿ. ಅವರ ಹತ್ತಿರ ದುಡ್ಡು ಕಡಿಮೆ ಇತ್ತು, ಹಾಗಾಗಿ ಎರಡೇ ರಸ್ತೆ. ಎರಡೇ ರಸ್ತೆ ಆದದ್ದರಿಂದ ಫಲ ಎಲ್ಲಿಂದ ಬಂತು ಅನ್ನುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಬೇರೆ ಕಡೆಯ ಅಂಗಡಿಗಳಲ್ಲೂ ಅದೇ ಕ್ರೀಮ್, ಅದೇ ಡಬ್ಬಿ. ಅಲ್ಲಿಂದ ಸುದ್ದಿ ಇಲ್ಲ. ಈ ರಸ್ತೆಯವರು ಮಾತ್ರ ಕೇಳುತ್ತಿದ್ದಾರೆ. ಅನುಮಾನಕ್ಕೆ ಎಡೆಯೇ ಇಲ್ಲ. ಅದೇ 200 ಡಾಲರನ್ನು ಹತ್ತು ಊರಿನ ಹತ್ತು ಪತ್ರಿಕೆಗಳಿಗೆ ಹಂಚಿದ್ದರೆ? ಎಲ್ಲೋ ನಾಲ್ಕು ಡಬ್ಬಿ ಜಾಸ್ತಿ ಹೋಗಿರುತ್ತಿತ್ತು, ಯಾವುದರಿಂದ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಡಿಮೆ ದುಡ್ಡಿರುವವರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ. ಎಲ್ಲ ಕಡೆ ಕಾಣಿಸಿಕೊಳ್ಳಬೇಕು ಅನ್ನುವ ಆಸೆ. ಎಲ್ಲಿಯೂ ಎರಡನೇ ಸಲ ಕಾಣಿಸಿಕೊಳ್ಳುವಷ್ಟು ದುಡ್ಡು ಉಳಿದಿರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬೀದಿ ಹಿಡಿಯಿರಿ, ಅಥವಾ ಒಂದು ಗುಂಪು, ಅಥವಾ ಒಂದು ಕಟ್ಟಡ. ಶುರುಮಾಡುವ ಮುಂಚೆ ಅಲ್ಲಿಂದ ಎಷ್ಟು ಜನ ಬರುತ್ತಿದ್ದರು ಅಂತ ಬರೆದಿಡಿ. ಆಮೇಲೆ ಬಂದ ಹೊಸ ಗಿರಾಕಿಗೆಲ್ಲ ಒಂದೇ ಪ್ರಶ್ನೆ, ನಮ್ಮ ವಿಷಯ ಎಲ್ಲಿ ತಿಳಿಯಿತು? ಉತ್ತರವನ್ನು ಪುಸ್ತಕದಲ್ಲಿ ಗೀಟು ಹಾಕಿಕೊಳ್ಳಿ. ಇದಕ್ಕೆ ಪೆನ್ನು ಬಿಟ್ಟರೆ ಇನ್ನೇನೂ ಬೇಡ.

ಇನ್ನೊಂದು ಮಾತು. ಆ ಎರಡು ರಸ್ತೆಯಲ್ಲಿ ಓಡಾಡುವವರಲ್ಲಿ ಬಹಳ ಮಂದಿ ಪದೇ ಪದೇ ಅದೇ ದಾರಿಯಲ್ಲಿ ಹೋಗಿ ಬರುವವರು. ಅವರಿಗೆ ಹಲಗೆ ಒಂದು ಸಲ ಅಲ್ಲ, ವಾರಕ್ಕೆ ಹಲವು ಸಲ ಕಾಣುತ್ತಿತ್ತು. ಪ್ರತಿ ಸಲಕ್ಕೂ ಬೇರೆ ದುಡ್ಡು ಕೊಡಬೇಕಾಗಿರಲಿಲ್ಲ. ಒಮ್ಮೆ ನೆಟ್ಟ ಹಲಗೆ ಹಗಲೆಲ್ಲ ಕೆಲಸ ಮಾಡುತ್ತದೆ.

ಹತ್ತು ಸೆಕೆಂಡಿನ ಬೆಲೆ

ಫಲ ಕಂಡ ಮೇಲೆ ಒಡೆಲ್ ಕುಟುಂಬ ಷೇರು ಮಾರಿ ಬಂಡವಾಳ ಎತ್ತಿತು. ಅರ್ಧಕ್ಕಿಂತ ತುಸು ಕಡಿಮೆ ಪಾಲು ಬಿಟ್ಟುಕೊಟ್ಟು, ಹಿಡಿತವನ್ನು ತಮ್ಮಲ್ಲೇ ಉಳಿಸಿಕೊಂಡರು. ಹಲಗೆಗಳು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದವು. ಕೆಲವು ವರ್ಷಗಳಲ್ಲಿ ಬರಹದ ರೂಪವೂ ಬದಲಾಯಿತು. ಪ್ರಾಸ ಬಂತು, ನಗು ಬಂತು. ಸಾಮಾನ್ಯವಾಗಿ ಸಾಲಿಗೆ ಆರು ಹಲಗೆ. ಕೊನೆಯದರಲ್ಲಿ ಹೆಸರು.

ಒಂದನ್ನು ಹತ್ತಿರದಿಂದ ನೋಡೋಣ. ಕಾರಿನ ಕಿಟಕಿಯಿಂದ ಕೈ ಹೊರಗೆ ಚಾಚುವವರಿಗಾಗಿ ಬರೆದದ್ದು ಇದು. ಮೂಲದಲ್ಲಿ ಪ್ರಾಸವಿದೆ, ಇಲ್ಲಿ ಅರ್ಥ ಮಾತ್ರ ಕೊಡುತ್ತೇನೆ. ನೀವು ಕಾರಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎರಡೂ ಕಡೆ ಹೊಲ. ಮೊದಲ ಹಲಗೆ ಬರುತ್ತದೆ: “ಕಿಟಕಿಯಾಚೆ”. ಸ್ವಲ್ಪ ಹೊತ್ತು ಬರೀ ಬೇಲಿ. ಎರಡನೆಯದು: “ಮೊಣಕೈಯನ್ನು”. ಮತ್ತೆ ಬೇಲಿ. ಮೂರನೆಯದು: “ಅಷ್ಟೊಂದು ಚಾಚಬೇಡಿ”. ಸರಿ, ಬುದ್ಧಿ ಹೇಳುತ್ತಿದ್ದಾರೆ ಅನ್ನಿಸುತ್ತದೆ. ನಾಲ್ಕನೆಯದು: “ಅದು ಮನೆ ಸೇರೀತು”. ಏನಿದು? ಐದನೆಯದು ಬರುವವರೆಗೆ ಕಣ್ಣು ರಸ್ತೆಯಂಚನ್ನು ಬಿಡುವುದಿಲ್ಲ. “ಬೇರೆಯವರ ಕಾರಿನಲ್ಲಿ”. ನಗು ಬರುತ್ತದೆ, ಜೊತೆಗೇ ಕೈ ತಾನಾಗಿ ಒಳಗೆ ಬರುತ್ತದೆ. ಆ ನಗು ತುಟಿಯ ಮೇಲಿರುವಾಗಲೇ ಆರನೆಯ ಹಲಗೆ: “ಬರ್ಮಾ-ಶೇವ್”.

ಹಲಗೆಗಳ ನಡುವೆ ಸುಮಾರು 30 ಮೀಟರ್ ಅಂತರ. ಆಗಿನ ಕಾರುಗಳು ಹೆಚ್ಚುಕಮ್ಮಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ ಅಂದುಕೊಂಡರೆ ಸೆಕೆಂಡಿಗೆ 15 ಮೀಟರ್ ಆಯಿತು. ಒಂದು ಹಲಗೆಯಿಂದ ಇನ್ನೊಂದಕ್ಕೆ ಎರಡು ಸೆಕೆಂಡು. ಇಡೀ ಸಾಲಿಗೆ ಹತ್ತು ಸೆಕೆಂಡು. ಪತ್ರಿಕೆಯ ಮೂಲೆಯಲ್ಲಿರುವ ಚೌಕಟ್ಟನ್ನು ಯಾರು ಹತ್ತು ಸೆಕೆಂಡು ನೋಡುತ್ತಾರೆ? ಪುಟ ಮಗುಚಿ ಮುಂದೆ ಹೋಗುತ್ತಾರೆ. ಕಾರಿನಲ್ಲಿ ಕೂತವನಿಗೆ ಮಗುಚಲು ಪುಟವಿಲ್ಲ. ಅವನಿಗೆ ಹೊತ್ತು ಹೋಗುತ್ತಿಲ್ಲ. ಹೊಲ ನೋಡಿ ನೋಡಿ ಸಾಕಾಗಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಅವರೇ ಗಟ್ಟಿಯಾಗಿ ಓದುತ್ತಾರೆ.

ಜನರ ಕೈಯಲ್ಲಿ ಸುಮ್ನೆ ಬಿದ್ದಿರುವ ಹೊತ್ತು ಎಲ್ಲಿದೆ ಅಂತ ಹುಡುಕಿ, ಅಲ್ಲಿ ಹೋಗಿ ನಿಲ್ಲಬೇಕು. ದೊಡ್ಡ ಕಂಪನಿಗಳು ಪತ್ರಿಕೆಯ ಪುಟಕ್ಕಾಗಿ ಪೈಪೋಟಿ ಮಾಡುತ್ತಿದ್ದ ಕಾಲ ಅದು. ಹೊಲದ ಬೇಲಿಗೆ ಪೈಪೋಟಿ ಇರಲಿಲ್ಲ. ಪೈಪೋಟಿ ಇಲ್ಲದ ಕಡೆ ಬೆಲೆಯೂ ಇರುವುದಿಲ್ಲ. ಈಗಿನ ದಿನದಲ್ಲಿ ಅಂಥ ಹೊತ್ತು ಕಾಯುವ ಕೋಣೆಗಳಲ್ಲಿದೆ, ಲಿಫ್ಟಿನಲ್ಲಿದೆ, ಸರದಿಯ ಸಾಲಿನಲ್ಲಿದೆ, ಮನೆಗೆ ತಲುಪಿದ ಪೊಟ್ಟಣವನ್ನು ಬಿಚ್ಚುವ ಅರ್ಧ ನಿಮಿಷದಲ್ಲಿದೆ. ನಿಮ್ಮದೇ ಪೊಟ್ಟಣದ ಒಳಮೈ ಖಾಲಿ ಇದ್ದರೆ ಅದೇ ನಿಮ್ಮ ಹೊಲದ ಬೇಲಿ.

ದುಡ್ಡು ಉಳಿಯಿತು, ಕಾಲು ಸವೆಯಿತು

ಹಲಗೆ ನೆಡಲು ಜಾಗ ಬೇಕು. ಜಾಗ ರೈತರದ್ದು. ಕಂಪನಿಯ ಮನುಷ್ಯ ಮೊದಲು ರಸ್ತೆ ನೋಡುತ್ತಿದ್ದ. ನೇರವಾಗಿರಬೇಕು, ಸಮತಟ್ಟಾಗಿರಬೇಕು, ಆರೂ ಹಲಗೆ ಒಂದಾದ ಮೇಲೊಂದು ಕಾಣಬೇಕು. ಅಂಥ ತುಂಡು ಸಿಕ್ಕಿದರೆ ಆ ಹೊಲದ ಯಜಮಾನನ ಮನೆಗೆ ಹೋಗಿ ಮಾತಾಡುವುದು. ಬಾಡಿಗೆ ವರ್ಷಕ್ಕೆ ಕೆಲವೇ ಡಾಲರ್. ಒಪ್ಪಿಗೆ ಸಿಕ್ಕ ಮೇಲೆ ಲಾರಿಯಲ್ಲಿ ಆಳುಗಳು ಬಂದು ಗುಂಡಿ ತೋಡಿ ಕಂಬ ನೆಡುತ್ತಿದ್ದರು. ಹಲಗೆಗಳು ಉಚ್ಛ್ರಾಯದಲ್ಲಿದ್ದಾಗ ದೇಶದಲ್ಲಿ ಸುಮಾರು 7,000 ಸಾಲು ಇದ್ದವು. ಅಂದರೆ ಸಾವಿರಾರು ಮನೆಬಾಗಿಲು, ಸಾವಿರಾರು ಮಾತುಕತೆ.

ರೈತರ ಜೊತೆಗಿನ ಈ ನಂಟು ಕಾಗದದ ಒಪ್ಪಂದಕ್ಕಿಂತ ದೊಡ್ಡದಾಗಿತ್ತು. ತಮ್ಮ ಹೊಲದ ಹಲಗೆ ಅಂತ ಅವರಿಗೆ ಅಭಿಮಾನ. ಹಲಗೆ ಬಿದ್ದರೆ ಎಷ್ಟೋ ಜನ ತಾವೇ ಎತ್ತಿ ನಿಲ್ಲಿಸುತ್ತಿದ್ದರು, ಇಲ್ಲವೇ ಕಂಪನಿಗೆ ಬರೆಯುತ್ತಿದ್ದರು. ದೇಶದ ಉದ್ದಗಲಕ್ಕೂ ಕಾವಲುಗಾರರನ್ನು ಇಡಲು ಯಾವ ಸಣ್ಣ ಕಂಪನಿಗೆ ಆಗುತ್ತದೆ? ಇಲ್ಲಿ ಜಾಗದ ಯಜಮಾನರೇ ಕಾವಲಾಗಿದ್ದರು. ಇನ್ನೊಬ್ಬರ ಗೋಡೆಗೆ, ಇನ್ನೊಬ್ಬರ ಗಾಜಿನ ಬಾಗಿಲಿಗೆ ನಿಮ್ಮ ಕಾಗದ ಅಂಟಿಸುವಾಗ ಇದು ನೆನಪಿರಲಿ. ಕೇಳದೆ ಅಂಟಿಸಿದ್ದು ಬೆಳಗಾಗುವುದರಲ್ಲಿ ಕಿತ್ತುಹೋಗಿರುತ್ತದೆ. ಕೇಳಿ, ಅವರಿಗೂ ಏನಾದರೂ ಸಣ್ಣದು ಸಿಗುವಂತೆ ಮಾಡಿದರೆ ಅವರೇ ಅದನ್ನು ಕಾಯುತ್ತಾರೆ.

ತೊಂದರೆಗಳೂ ಇದ್ದವು. ಹಲಗೆಗಳು ಕುದುರೆಗಳಿಗೆ ಬೆನ್ನು ಉಜ್ಜಿಕೊಳ್ಳಲು ಸರಿಯಾದ ಎತ್ತರದಲ್ಲಿದ್ದವು. ಉಜ್ಜಿ ಉಜ್ಜಿ ಮುರಿಯುತ್ತಿದ್ದವು. ಕಂಬವನ್ನು ಎತ್ತರ ಮಾಡಿದರು. ಬೇಟೆಗೆ ಹೋದವರು ಗುರಿ ನೋಡಲು ಗುಂಡು ಹಾರಿಸುತ್ತಿದ್ದರು. ಕಾಲೇಜು ಹುಡುಗರು ಕೋಣೆಯಲ್ಲಿ ತೂಗುಹಾಕಲು ಕಿತ್ತುಕೊಂಡು ಹೋಗುತ್ತಿದ್ದರು. ಸೌತ್ ಡಕೋಟ ರಾಜ್ಯದಲ್ಲಿ ರಸ್ತೆಬದಿಯ ಕೆಂಪು ಬಣ್ಣ ಸರ್ಕಾರದ ಎಚ್ಚರಿಕೆ ಫಲಕಗಳಿಗೆ ಮಾತ್ರ ಮೀಸಲು. ಅಲ್ಲಿ ತಮ್ಮ ಎಂದಿನ ಕೆಂಪನ್ನು ಬಿಟ್ಟು ನೀಲಿಯ ಮೇಲೆ ಬಿಳಿ ಅಕ್ಷರ ಬರೆದರು. ಅರಿಝೋನಾ, ನೆವಾಡ, ನ್ಯೂ ಮೆಕ್ಸಿಕೊ ಕಡೆ ಓಡಾಟ ಕಡಿಮೆ ಅಂತ ಅಲ್ಲಿಗೆ ಹೋಗಲೇ ಇಲ್ಲ. ಎಲ್ಲ ಕಡೆ ಇರಲೇಬೇಕು ಅನ್ನುವ ಹಟ ಅವರಿಗಿರಲಿಲ್ಲ. ಈ ಗುಣ ನನಗೆ ತುಂಬಾ ಇಷ್ಟ.

ಗಿರಾಕಿಗಳೇ ಬರೆದ ಜಾಹೀರಾತು

ಶುರುವಿನಲ್ಲಿ ಪ್ರಾಸಗಳನ್ನು ಮನೆಯವರೇ ಬರೆಯುತ್ತಿದ್ದರು. ಎಷ್ಟು ಅಂತ ಬರೆಯುವುದು? ಹೊಸ ಪ್ರಾಸ ಹೊಳೆಯದಾಯಿತು. ಆಗ ಜನರಿಗೇ ಬಿಟ್ಟರು. ಸ್ಪರ್ಧೆ ಇಟ್ಟು, ಆರಿಸಿದ ಪ್ರತಿ ಪದ್ಯಕ್ಕೆ 100 ಡಾಲರ್ ಬಹುಮಾನ ಅಂದರು. ಸಾವಿರ ಸಾವಿರ ಪದ್ಯಗಳು ಬಂದವು. ಜಾಹೀರಾತು ಬರೆಯುವವರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಬದಲು ಬಳಸುವವರಿಂದಲೇ ಮಾತು ಬಂತು. ಅದು ಜನರ ಬಾಯಿಯ ಮಾತು, ಅದಕ್ಕೇ ಜನರ ಬಾಯಲ್ಲಿ ಉಳಿಯಿತು. ಬಹುಮಾನ ಬಾರದವರೂ ಕೂತು ಬರೆಯುವಾಗ ಆ ಹೆಸರನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿರಬೇಕು!

ವರ್ಷ ವರ್ಷವೂ ಹೊಸ ಪದ್ಯ ಬರುತ್ತಿತ್ತು. ಜಾಗ, ಆಕಾರ, ಕೊನೆಯ ಹಲಗೆಯ ಹೆಸರು ಮಾತ್ರ ಹಾಗೇ. ಹಲಗೆಯ ಸಾಲನ್ನು ದೂರದಿಂದ ನೋಡಿದರೇ ಇದು ಅವರದ್ದು ಅಂತ ಗೊತ್ತಾಗಬೇಕು, ಆದರೆ ಏನು ಬರೆದಿದೆ ಅಂತ ಗೊತ್ತಿರಬಾರದು. ಹಾಗಿದ್ದಾಗ ಓದದೆ ಇರಲು ಆಗುವುದಿಲ್ಲ. ಎಷ್ಟೋ ಪದ್ಯಗಳಲ್ಲಿ ಕ್ರೀಮಿನ ಮಾತೇ ಇರುತ್ತಿರಲಿಲ್ಲ. ವೇಗ ಬೇಡ, ತಿರುವಿನಲ್ಲಿ ಹುಷಾರು, ಇಂಥವು. ನಮ್ಮ ಸರಕು ಕೊಳ್ಳಿ ಅನ್ನುವುದನ್ನು ಬಿಟ್ಟು, ಓದುವವನಿಗೆ ಒಂದು ನಗು ಅಥವಾ ಒಂದು ಒಳ್ಳೆಯ ಮಾತು ಕೊಟ್ಟು ಹೆಸರು ಹೇಳಿ ಸುಮ್ಮನಾಗುವುದು.

ತಮಾಷೆ ಕೆಲವೊಮ್ಮೆ ಮೈಮೇಲೆ ಬರುತ್ತಿತ್ತು. ಕಾರಿನ ಮಡ್‌ಗಾರ್ಡ್ ಕಿತ್ತು ಕಳಿಸಿದರೆ ಅರ್ಧ ಪೌಂಡ್ ಡಬ್ಬಿ ಪುಕ್ಕಟೆ ಅಂತ ಒಂದು ಪದ್ಯದಲ್ಲಿ ಬರೆದರು. ನಿಜಕ್ಕೂ ಮಡ್‌ಗಾರ್ಡ್‌ಗಳು ಬಂದವು. ಆಟದ ಕಾರಿನದ್ದೂ ಬಂದವು. ಕಳಿಸಿದವರಿಗೆಲ್ಲ ಡಬ್ಬಿ ಹೋಯಿತು.

1950ರ ದಶಕದಲ್ಲಿ ಇನ್ನೊಂದು. 900 ಖಾಲಿ ಡಬ್ಬಿ ತಂದುಕೊಟ್ಟರೆ ಮಂಗಳ ಗ್ರಹಕ್ಕೆ ಉಚಿತ ಪ್ರಯಾಣ. ಯಾರು ತರುತ್ತಾರೆ ಅಂತ ಬರೆದದ್ದು. ವಿಸ್ಕಾನ್ಸಿನ್ ರಾಜ್ಯದ ಆಪಲ್ಟನ್‌ನ ಒಬ್ಬ ದಿನಸಿ ಅಂಗಡಿಯವರು ನಿಜವಾಗಿಯೂ 900 ಡಬ್ಬಿ ಕೂಡಿಹಾಕಿ, ಎಲ್ಲಿ ನನ್ನ ಪ್ರಯಾಣ ಅಂದರು. ಹೋದವರು ವಾಪಸ್ ಬರಲು ದಾರಿಯಿಲ್ಲ, ನೆನಪಿರಲಿ ಅಂತ ಕಂಪನಿ ಪ್ರಾಸದಲ್ಲೇ ಉತ್ತರ ಕೊಟ್ಟಿತು. ಆ ಮನುಷ್ಯ ಜಗ್ಗಲಿಲ್ಲ. ಇಂಥ ಹೊತ್ತಿನಲ್ಲಿ ಕಂಪನಿಗಳು ಸಾಮಾನ್ಯವಾಗಿ ಏನು ಮಾಡುತ್ತವೆ? ಅದು ತಮಾಷೆಗೆ ಹೇಳಿದ್ದು ಅಂತ ಕಾಗದ ಬರೆದು ಕೈ ತೊಳೆದುಕೊಳ್ಳುತ್ತವೆ. ಒಡೆಲ್ ಕಂಪನಿ ಹಾಗೆ ಮಾಡಲಿಲ್ಲ. ಜರ್ಮನಿಯಲ್ಲಿ ಮೋರ್ಸ್ ಅನ್ನುವ ಊರಿದೆ. ಅದರ ಹೆಸರು ಇಂಗ್ಲಿಷಿನಲ್ಲಿ ಮಂಗಳಕ್ಕೆ ಹೇಳುವ ಮಾರ್ಸ್ ಅನ್ನುವ ಶಬ್ದಕ್ಕೆ ಹತ್ತಿರ. ಆ ಅಂಗಡಿಯವರನ್ನು ಅಲ್ಲಿಗೆ ಪ್ರವಾಸ ಕಳಿಸಿದರು. ಸುದ್ದಿ ಎಲ್ಲೆಡೆ ಹಬ್ಬಿತು. ಮಾತು ಕೊಟ್ಟು ಉಳಿಸಿಕೊಂಡ ಆ ಪ್ರವಾಸದ ಖರ್ಚಿಗೆ ಸಿಕ್ಕ ಹೆಸರನ್ನು ಯಾವ ಪತ್ರಿಕೆಯ ಪುಟದಿಂದಲೂ ಕೊಳ್ಳಲು ಆಗುತ್ತಿರಲಿಲ್ಲ.

ಪುಕ್ಕಟೆ ಕೊಡುಗೆ, ಬಹುಮಾನ, ರಿಯಾಯಿತಿ ಘೋಷಿಸುವವರಿಗೆ ನಾನು ಈ ಎರಡು ಘಟನೆಗಳನ್ನು ಹೇಳಬಯಸುತ್ತೇನೆ. ಅಚ್ಚು ಹಾಕಿಸುವ ಮುಂಚೆ ಒಂದೇ ಲೆಕ್ಕ ಹಾಕಿ. ಯಾರಾದರೂ ನಿಜವಾಗಿ ಬಂದು ಕೇಳಿದರೆ ನಗುನಗುತ್ತಾ ಕೊಡಲು ನನ್ನಿಂದ ಆಗುತ್ತದಾ? ಆಗದಿದ್ದರೆ ಆ ಸಾಲನ್ನು ತೆಗೆದುಬಿಡಿ.

ರಸ್ತೆ ಬದಲಾದಾಗ

ಬರ್ಮಾ-ಶೇವ್ ಒಂದು ಕಾಲಕ್ಕೆ ಅಮೆರಿಕದಲ್ಲಿ ಬ್ರಷ್ ಬೇಡದ ಶೇವಿಂಗ್ ಕ್ರೀಮ್‌ಗಳ ಪೈಕಿ ಮಾರಾಟದಲ್ಲಿ ಎರಡನೆಯ ಸ್ಥಾನಕ್ಕೆ ಏರಿತ್ತು. ಹಳೇ ಹಲಗೆಗಳಿಂದ ಶುರುವಾದದ್ದಕ್ಕೆ ಇದು ಸಣ್ಣ ಮಾತಲ್ಲ. 1950ರ ದಶಕದಲ್ಲಿ ಮಾರಾಟ ಇಳಿಯಿತು. ಒತ್ತಿದರೆ ನೊರೆ ಬರುವ ಡಬ್ಬಿಗಳು ಬಂದಿದ್ದವು, ವಿದ್ಯುತ್ ರೇಜರ್ ಬಂದಿತ್ತು, ಮನೆಮನೆಗೆ ಟೀವಿ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆಯೇ ಬದಲಾಗಿತ್ತು. 1956ರ ಹೆದ್ದಾರಿ ಕಾಯ್ದೆ ಬಂದ ಮೇಲೆ ಅಂತರರಾಜ್ಯ ಹೆದ್ದಾರಿಗಳು ಎದ್ದವು. ಹೊಲದ ಬೇಲಿ ರಸ್ತೆಯಿಂದ ದೂರ ಸರಿಯಿತು. ಕಾರುಗಳ ವೇಗ ಹೆಚ್ಚಾಯಿತು. ಎರಡು ಸೆಕೆಂಡಿಗೆ ಒಂದರಂತೆ ಓದಿಸಿಕೊಳ್ಳುತ್ತಿದ್ದ ಸಣ್ಣ ಅಕ್ಷರಗಳು ಈಗ ಕಣ್ಣಿಗೆ ನಿಲ್ಲುವ ಮುಂಚೆಯೇ ಹಿಂದೆ ಬೀಳುತ್ತಿದ್ದವು.

ಇದು ಹಲಗೆಯ ದೋಷವಲ್ಲ. ಮೊದಲ ದಿನದಿಂದ ಆ ಉಪಾಯ ನಿಂತದ್ದು ನಿಧಾನವಾಗಿ ಹೋಗುವ ಕಾರಿನ ಮೇಲೆ, ಕಿರಿದಾದ ರಸ್ತೆಯ ಮೇಲೆ. ಅವು ಹೋದಾಗ ಅದೂ ಹೋಯಿತು. ಹೀಗಾಗಿ, ನಿಮಗೆ ಚೆನ್ನಾಗಿ ನಡೆಯುತ್ತಿರುವ ಜಾಹೀರಾತು ಯಾವುದರ ಮೇಲೆ ನಿಂತಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಜನ ಆ ದಾರಿಯಲ್ಲಿ ಓಡಾಡುವುದರ ಮೇಲೋ, ಆ ಆಪ್ ನೋಡುವುದರ ಮೇಲೋ? ವರ್ಷಕ್ಕೊಮ್ಮೆ ಆ ಚೀಟಿ ತೆಗೆದು, ಅದು ಈಗಲೂ ನಿಜವಾ ಅಂತ ನೋಡಿ. ಒಡೆಲ್ ಕುಟುಂಬ ಒಂದೇ ಕಾಲಿನ ಮೇಲೆ ಬಹಳ ವರ್ಷ ನಿಂತುಬಿಟ್ಟಿತು ಅನ್ನುವುದೊಂದೇ ಈ ಪ್ರಕರಣದಲ್ಲಿ ನನಗೆ ಕಾಣುವ ಕೊರತೆ. ಗಿರಾಕಿಗಳು ಕೈಯಾರೆ ಬರೆದು ಕಳಿಸುತ್ತಿದ್ದ ಕಂಪನಿ ಅದು. ಆ ಪ್ರೀತಿಯನ್ನು ಬೇರೆ ದಾರಿಯಲ್ಲಿ ಮುಂದುವರಿಸಲು ಅವರಿಗೆ ಹೊತ್ತಿತ್ತು.

1963ರಲ್ಲಿ ಕಂಪನಿ ಫಿಲಿಪ್ ಮಾರಿಸ್ ಅನ್ನುವ ದೊಡ್ಡ ಸಿಗರೇಟು ಕಂಪನಿಯ ಕೈಗೆ ಹೋಯಿತು. ಹೊಸ ಯಜಮಾನರು ಹಲಗೆಗಳನ್ನು ಮುಂದುವರಿಸಲಿಲ್ಲ. ಹಿಂದೆ ನೆಡಲು ಬರುತ್ತಿದ್ದಂತೆಯೇ ಲಾರಿಗಳು ಹೊಲಗಳಿಗೆ ಬಂದವು. ಈ ಸಲ ಕಂಬಗಳನ್ನು ಕಿತ್ತು ತುಂಬಿಕೊಂಡು ಹೋದವು. ಒಂದು ಸಾಲು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಸೇರಿತು.